ಕಿವಿಗೊಡುವ ಸಿನಿಮಾ: ‘ನ್ಯಾಶ್‌ವಿಲ್’ ಚಿತ್ರದ ಬಹುಪಾತ್ರ ವಿನ್ಯಾಸದಲ್ಲಿ ಧ್ವನಿಯ ಪಾತ್ರ

ಬಹುಪಾತ್ರ ಚಿತ್ರಗಳ ಚರ್ಚೆ ಸಾಮಾನ್ಯವಾಗಿ ಕಥಾಹಂದರದ ಸುತ್ತಲೇ ನಡೆಯುತ್ತದೆ: ಯಾರ ದಾರಿಗೆ ಯಾರು ಅಡ್ಡಬಂದರು, ಎಳೆಗಳು ಕೊನೆಗೆ ಹೇಗೆ ಕೂಡಿದವು ಎಂಬುದೇ ಅಲ್ಲಿ ಮುಖ್ಯವಾಗುತ್ತದೆ. ರಾಬರ್ಟ್ ಆಲ್ಟ್‌ಮನ್ ನಿರ್ದೇಶಿಸಿ, ಜೋನ್ ಟ್ಯೂಕ್ಸ್‌ಬರಿ ಚಿತ್ರಕಥೆ ಬರೆದ ‘ನ್ಯಾಶ್‌ವಿಲ್’ (1975) ಈ ಅಳತೆಗೆ ಒಗ್ಗುವುದಿಲ್ಲ. ಕಂಟ್ರಿ ಸಂಗೀತದ ತವರಾದ ಆ ನಗರದಲ್ಲಿ ಐದು ದಿನ 24 ಪಾತ್ರಗಳು ಓಡಾಡುತ್ತವೆ. ಅವರಲ್ಲಿ ಎಷ್ಟೋ ಮಂದಿಗೆ ಪರಸ್ಪರ ಪರಿಚಯವೇ ಇಲ್ಲ. ಇಷ್ಟು ಜನರನ್ನು ಒಂದು ಕೃತಿಯಾಗಿ ಹಿಡಿದಿಟ್ಟಿರುವುದು ಧ್ವನಿ ಎಂಬುದು ಈ ಲೇಖನದ ವಾದ.

ಇದಕ್ಕೆ ತಾಂತ್ರಿಕ ಆಧಾರವಿದೆ. ನಟರ ಉಡುಪಿನಲ್ಲಿ ಪುಟ್ಟ ಮೈಕ್‌ಗಳನ್ನಿರಿಸಿ, ಎಂಟು ಟ್ರ್ಯಾಕ್‌ಗಳಲ್ಲಿ ಮಾತುಗಳನ್ನು ಬೇರೆಬೇರೆಯಾಗಿ ಮುದ್ರಿಸಲಾಯಿತು. ಯಾವ ಮಾತು ಮುಂದೆ ಬರಬೇಕು, ಯಾವುದು ಹಿಂದೆ ಸರಿಯಬೇಕು ಎಂಬುದನ್ನು ಮಿಶ್ರಣದ ಹಂತದಲ್ಲಿ ನಿರ್ಧರಿಸಲು ಇದರಿಂದ ಸಾಧ್ಯವಾಯಿತು. ಮಾತಿನ ಮೇಲೆ ಮಾತು ಬೀಳುವ ಗುಂಪಿನ ದೃಶ್ಯಗಳಲ್ಲಿ ಯಾರಿಗೆ ಕಿವಿಗೊಡಬೇಕೆಂಬ ಆಯ್ಕೆ ಪ್ರೇಕ್ಷಕರಿಗೂ ಉಳಿಯುತ್ತದೆ. ಅಧ್ಯಕ್ಷ ಪದವಿಯ ಆಕಾಂಕ್ಷಿ ಹಾಲ್ ಫಿಲಿಪ್ ವಾಕರ್ ಒಮ್ಮೆಯೂ ಮುಖ ತೋರಿಸುವುದಿಲ್ಲ. ಅವನ ಪ್ರಚಾರವಾಹನದ ಧ್ವನಿವರ್ಧಕ ಮಾತ್ರ ಬೀದಿಬೀದಿಯಲ್ಲಿ ಎಲ್ಲರ ಬದುಕಿನೊಳಗೆ ನುಗ್ಗುತ್ತದೆ.

ಕೇಳುವಿಕೆಯೇ ಚಿತ್ರದ ನೈತಿಕ ಅಳತೆಗೋಲು ಎಂಬುದು ಲಿನಿಯಾಳ ಪಾತ್ರದಲ್ಲಿ ಸ್ಪಷ್ಟವಾಗುತ್ತದೆ. ಅವಳ ಇಬ್ಬರು ಮಕ್ಕಳಿಗೂ ಕಿವಿ ಕೇಳಿಸದು. ಮಗ ತನ್ನ ಈಜಿನ ಸಂಗತಿ ಹೇಳುವಾಗ ಅವಳು ಅವನ ಮುಖದಿಂದ ಕಣ್ಣು ಕೀಳುವುದಿಲ್ಲ. ಕಿವಿ ನೆಟ್ಟಗಿರುವ ತಂದೆಗೆ ಮಗನ ಮಾತು ತಿಳಿಯುವುದಿಲ್ಲ. ಮುಂದೆ ಕ್ಲಬ್ಬಿನಲ್ಲಿ ಗಾಯಕ ಟಾಮ್ ಹಾಡುವಾಗ, ಅದು ತನಗಾಗಿಯೇ ಎಂದು ಹಲವು ಹೆಂಗಸರು ನಂಬಿರುತ್ತಾರೆ. ಕ್ಯಾಮೆರಾ ನಿಧಾನವಾಗಿ ಹಿಂದಿನ ಸಾಲಿನ ಲಿನಿಯಾಳತ್ತ ಸಾಗುತ್ತದೆ. ಲಿನಿಯಾಳ ಪಾತ್ರಧಾರಿ ಲಿಲಿ ಟಾಮ್ಲಿನ್ ಇಲ್ಲಿ ಒಂದು ಮಾತೂ ಆಡದೆ, ಆಲಿಸುವುದನ್ನೇ ಅಭಿನಯವಾಗಿಸಿದ್ದಾರೆ. ಟಾಮ್ ಪಾತ್ರಧಾರಿ ಕೀತ್ ಕ್ಯಾರಡೀನ್ ತಾವೇ ರಚಿಸಿ ಹಾಡಿದ ಈ ಗೀತೆಗೆ ಆಸ್ಕರ್ ದೊರೆಯಿತು.

ಪಾರ್ಥೆನಾನ್ ಪ್ರತಿಕೃತಿಯ ಮುಂದಿನ ಅಂತಿಮ ಸಭೆಯನ್ನೂ ಹೀಗೆಯೇ ಓದಬೇಕು. ವೇದಿಕೆಯ ಮೇಲೆ ಗಾಯಕಿ ಬಾರ್ಬರಾ ಜೀನ್‌ಗೆ ಗುಂಡು ತಗಲುತ್ತದೆ. ಮೈಕ್ ಗಾಯಕಿಯಾಗಲು ಹಂಬಲಿಸುವ ಅಲ್ಬುಕರ್ಕಿ ಎಂಬವಳ ಕೈಸೇರುತ್ತದೆ. ಹಿಂದೆ ಕಾರ್ ರೇಸಿನ ಮೈದಾನದಲ್ಲಿ ಇವಳ ಹಾಡು ಎಂಜಿನ್ನುಗಳ ಅಬ್ಬರದಲ್ಲಿ ಮುಳುಗಿಹೋಗಿತ್ತು. ಈಗ ಮೇಳ ದನಿಗೂಡಿಸುತ್ತದೆ, ಜನಸ್ತೋಮವೂ ಹಾಡುತ್ತದೆ. ತನಗೇನೂ ಚಿಂತೆಯಿಲ್ಲವೆನ್ನುವ ಆ ಹಾಡು ಆಘಾತಗೊಂಡವರಿಗೆ ಆಸರೆ. ಕಣ್ಣೆದುರಿನ ಹಿಂಸೆಯನ್ನು ಅಷ್ಟೇ ಬೇಗ ಮರೆಸುವ ಮಂಪರೂ ಹೌದು. ಎರಡರಲ್ಲಿ ಒಂದನ್ನು ಆರಿಸಿದರೆ ಚಿತ್ರ ಸಣ್ಣದಾಗುತ್ತದೆ.

ಬಹುಪಾತ್ರ ಚಿತ್ರದ ಮಹತ್ವಾಕಾಂಕ್ಷೆಯನ್ನು ಪಾತ್ರಗಳ ಸಂಖ್ಯೆಯಿಂದಲೋ ಎಳೆಗಳ ಜಾಣ ಜೋಡಣೆಯಿಂದಲೋ ಅಳೆದರೆ ಸಾಲದು. ಅಂಚಿನಲ್ಲಿರುವವರ ದನಿಗೆ ಅದು ಎಷ್ಟು ಜಾಗ ಕೊಟ್ಟಿತು, ನೋಡುವವರನ್ನು ಎಷ್ಟರಮಟ್ಟಿಗೆ ಕೇಳುವವರನ್ನಾಗಿಸಿತು ಎಂಬುದನ್ನೂ ವಿಮರ್ಶೆ ಪರಿಗಣಿಸಬೇಕು.