ಪದ್ಮಿನಿಯ ಗೇರ್ ಬಾಕ್ಸ್

ಮುಂಬಯಿಯ ಕಪ್ಪು-ಹಳದಿ ಟ್ಯಾಕ್ಸಿ ಎಂದರೆ ನಮ್ಮ ಊರಿನವರ ಕಣ್ಣಮುಂದೆ ಬರುವುದು ಪ್ರೀಮಿಯರ್ ಪದ್ಮಿನಿಯೇ. ಸಿನಿಮಾದಲ್ಲಿ ನೋಡಿದ್ದು, ಇಲ್ಲವೇ ದಾದರಿನಲ್ಲಿ ಇಳಿದು ಸೋದರಮಾವನ ಮನೆಗೆ ಹೋಗುವಾಗ ಟ್ರಂಕಿನ ಸಮೇತ ಹತ್ತಿದ್ದು. ಆ ಜಾತಿಯ ಕೊನೆಯ ಟ್ಯಾಕ್ಸಿ ತಾಡದೇವ್ ಆರ್.ಟಿ.ಒ.ದಲ್ಲಿ ನೋಂದಣಿಯಾದದ್ದು 2003ರ ಅಕ್ಟೋಬರ್ 29ರಂದು. 20 ವರ್ಷದ ಮಿತಿ ತುಂಬಿ 2023ರ ಅಕ್ಟೋಬರ್ ಕೊನೆಗೆ ಅದೂ ರಸ್ತೆಯಿಂದ ಇಳಿಯಿತು. ಪತ್ರಿಕೆಯವರೆಲ್ಲ ಅದರ ಬಣ್ಣದ ಬಗ್ಗೆ, ಮೇಲಿನ ಕ್ಯಾರಿಯರ್ ಬಗ್ಗೆ ಬರೆದರು. ನಾನು ಹೇಳಹೊರಟಿರುವುದು ಯಾವ ಪ್ರಯಾಣಿಕನೂ ನೋಡದ ಒಂದು ಜಾಗದ ಬಗ್ಗೆ. ಇಂಜಿನ್ನಿಗೂ ಗೇರ್ ಬಾಕ್ಸಿಗೂ ನಂಟು ಬೀಳುವ ಜಾಗ ಅದು.

ಎಂ.ಕಾಂ. ಓದಿದವನಿಗೆ ಇದರ ಗೊಡವೆ ಯಾಕೆ ಅಂತ ಕೇಳಬಹುದು. 1969ರಲ್ಲಿ ಬ್ಯಾಂಕುಗಳ ರಾಷ್ಟ್ರೀಕರಣವಾದ ಮೇಲೆ ಟ್ಯಾಕ್ಸಿ, ರಿಕ್ಷಾದಂಥ ಸಣ್ಣ ವಾಹನದವರಿಗೆ ಸಾಲ ಕೊಡುವುದು ನಮ್ಮ ಆದ್ಯತೆಯ ಕೆಲಸಗಳಲ್ಲೊಂದಾಗಿತ್ತು. ಎಂಬತ್ತರ ದಶಕದ ಕೊನೆಗೆ ನಾನು ಮುಂಬಯಿಗೆ ಬಂದಾಗ ನನ್ನ ಮೇಜಿನ ಮೇಲಿದ್ದ ಫೈಲುಗಳಲ್ಲಿ ಅರ್ಧಕ್ಕರ್ಧ ಪದ್ಮಿನಿಯವೇ. ಗಾಡಿ ಎರಡು ದಿನ ಗ್ಯಾರೇಜಿನಲ್ಲಿ ಮಲಗಿದರೆ ಆ ತಿಂಗಳ ಕಂತು ಬರುವುದಿಲ್ಲ, ಅಷ್ಟೇ ಲೆಕ್ಕ. ಬಾಕಿ ವಸೂಲಿಗೆ ಮನೆಗೆ ಹೋಗುವುದಕ್ಕಿಂತ ಗ್ಯಾರೇಜಿಗೆ ಹೋಗುವುದೇ ಲೇಸು ಎಂದು ಬೇಗ ಗೊತ್ತಾಯಿತು. ಹಾಗೆ ಕುರ್ಲಾದ ಸಿ.ಎಸ್.ಟಿ. ರಸ್ತೆಯ ಕಡೆ ಓಡಾಟ ಶುರುವಾಯಿತು.

ಈ ಕಾರಿನ ಮೂಲ ಹುಡುಕುತ್ತ ಹೋದರೆ ನಮ್ಮ ಸರ್ ಎಂ. ವಿಶ್ವೇಶ್ವರಯ್ಯನವರೇ ಸಿಗುತ್ತಾರೆ. ಇದು ಊರಿನಲ್ಲಿ ಅನೇಕರಿಗೆ ತಿಳಿಯದು. ಎಪ್ಪತ್ತು ದಾಟಿದ ಮೇಲೆ, 1930ರ ದಶಕದಲ್ಲಿ, ಭಾರತದಲ್ಲೇ ಮೋಟಾರು ತಯಾರಾಗಬೇಕೆಂದು ಅವರು ಯೋಜನೆ ಬರೆದರು. ಯೂರೋಪು, ಅಮೆರಿಕ ಸುತ್ತಿ ಕಾರ್ಖಾನೆಗಳನ್ನು ನೋಡಿ ಬಂದರು. ಜೊತೆಗೆ ನಿಂತವರು ಸೊಲ್ಲಾಪುರದ ಕಡೆಯ ಉದ್ಯಮಿ ವಾಲಚಂದ್ ಹೀರಾಚಂದ್. ಮುಂಬಯಿಯ ಖೇರ್ ಮಂತ್ರಿಮಂಡಲ ಒಲವು ತೋರಿಸಿತು, ಆದರೆ 1939ರಲ್ಲಿ ಅದು ರಾಜೀನಾಮೆ ಕೊಟ್ಟಿತು. ಮೈಸೂರು ಸಂಸ್ಥಾನದ ಬಾಗಿಲು ತಟ್ಟಿದ್ದೂ ಆಯಿತು. ದಿಲ್ಲಿಯ ಬ್ರಿಟಿಷ್ ಸರ್ಕಾರ ಮಾತ್ರ ಜಪ್ಪಯ್ಯ ಅನ್ನಲಿಲ್ಲ. ವಾಲಚಂದರು 1940ರಲ್ಲಿ ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆ ಕಟ್ಟಿದರು, ಅದೇ ಮುಂದೆ ಎಚ್.ಎ.ಎಲ್. ಆಯಿತು. ಮೋಟಾರಿಗೆ 1944ರವರೆಗೆ ಕಾಯಬೇಕಾಯಿತು, ಆಗ ಹುಟ್ಟಿದ್ದು ಪ್ರೀಮಿಯರ್ ಆಟೊಮೊಬೈಲ್ಸ್. 1947ರಲ್ಲಿ ಕುರ್ಲಾದಲ್ಲಿ ಅಮೆರಿಕದ ಗಾಡಿಗಳ ಜೋಡಣೆಯಿಂದ ಆರಂಭ. 1954ರಿಂದ ಇಟಲಿಯ ಫಿಯೆಟ್ 1100. ಅದರ ಮುಂದಿನ ಮಾದರಿಗೇ ಎಪ್ಪತ್ತರ ದಶಕದಲ್ಲಿ ಪದ್ಮಿನಿ ಎಂದು ನಾಮಕರಣವಾದದ್ದು.

ಮುಂದೆ ಇಂಜಿನ್, ಅದರ ಬೆನ್ನಿಗೆ ಕ್ಲಚ್, ಆಮೇಲೆ ಗೇರ್ ಬಾಕ್ಸ್, ಕೊನೆಗೆ ಹಿಂದಿನ ಚಕ್ರ. ಈ ಸಾಲು 1891ರ ಸುಮಾರಿಗೆ ಫ್ರಾನ್ಸಿನ ಎಮಿಲ್ ಲೆವಾಸೋರ್ ಹಾಕಿಕೊಟ್ಟದ್ದು. ಪದ್ಮಿನಿಯೂ ಅದನ್ನೇ ಪಾಲಿಸಿತು. 1089 ಸಿ.ಸಿ. ಇಂಜಿನ್, ನಾಲ್ಕು ಗೇರು, ಗೇರಿನ ಕಡ್ಡಿ ಸ್ಟೀರಿಂಗಿನ ಪಕ್ಕ. ಒಂದನೇ ಗೇರಿಗೆ ಸಿಂಕ್ರೊಮೆಶ್ ಇಲ್ಲ, ಹಾಗಾಗಿ ಗಾಡಿ ಪೂರ್ತಿ ನಿಲ್ಲುವ ಮೊದಲೇ ಹಾಕಹೋದರೆ ಕರಕರ ಎಂದು ಹಲ್ಲು ಕಡಿಯುತ್ತಿತ್ತು.

ನಾನು ಹೋಗುತ್ತಿದ್ದ ಗ್ಯಾರೇಜಿನ ಮೇಸ್ತ್ರಿ ಕುಂದಾಪುರ ಕಡೆಯವರು. ಹೋಟೆಲಿನಲ್ಲಿ ಕಪ್ಪು ತೊಳೆಯಲು ಬಂದು ಗ್ಯಾರೇಜು ಸೇರಿದವರು. ಕ್ಲಚ್ ಪ್ಲೇಟ್ ಸವೆದ ಗಾಡಿ ಬಂದರೆ ಪ್ರೊಪೆಲ್ಲರ್ ಶಾಫ್ಟ್ ಬಿಚ್ಚಿ, ಗೇರ್ ಬಾಕ್ಸನ್ನು ಕೆಳಗಿಳಿಸುವುದು ಹುಡುಗರ ಕೆಲಸ. ಮತ್ತೆ ಕೂರಿಸುವಾಗ ಮಾತ್ರ ತಾವೇ ಗೋಣಿ ಹಾಸಿಕೊಂಡು ಗಾಡಿಯಡಿ ಸೇರುತ್ತಿದ್ದರು. ಇಂಜಿನ್ನಿನ ಹಿಂಬದಿಗೆ ಫ್ಲೈವೀಲ್ ಎಂಬ ಭಾರದ ಚಕ್ರ. ಅದಕ್ಕೂ ಪ್ರೆಷರ್ ಪ್ಲೇಟಿಗೂ ನಡುವೆ, ಎರಡು ತಟ್ಟೆಗಳ ಮಧ್ಯೆ ಹಪ್ಪಳ ಇಟ್ಟಂತೆ, ಕ್ಲಚ್ ಪ್ಲೇಟ್. ಗೇರ್ ಬಾಕ್ಸಿನಿಂದ ಹೊರಚಾಚಿದ ಹಲ್ಲಿನ ಶಾಫ್ಟು ಆ ಪ್ಲೇಟಿನ ನಡುವಿನ ಹಲ್ಲಿನೊಳಗೆ ಹಾದು, ಅದರ ತುದಿ ಇಂಜಿನ್ನಿನ ನಟ್ಟನಡುವಿನ ಪುಟ್ಟ ಬುಶ್ಶಿನಲ್ಲಿ ಕೂರಬೇಕು. ಪ್ಲೇಟು ಒಂದು ಕೂದಲೆಳೆ ಆಚೀಚೆ ಆದರೂ ಒಳಗೆ ಹೋಗುವುದಿಲ್ಲ. ನಡು ಹಿಡಿಯಲು ಕಂಪನಿಯ ಉಪಕರಣವೇನೂ ಅವರಲ್ಲಿರಲಿಲ್ಲ. ಗುಜರಿಗೆ ಹೋದ ಗೇರ್ ಬಾಕ್ಸಿನಿಂದ ತೆಗೆದ ಹಳೆಯ ಶಾಫ್ಟೊಂದಿತ್ತು. ಅದನ್ನು ತೂರಿಸಿ, ಪ್ಲೇಟಿನ ನಡು ಹಿಡಿದು, ಆಮೇಲೆ ಪ್ರೆಷರ್ ಪ್ಲೇಟಿನ ಬೋಲ್ಟುಗಳನ್ನು ಎದುರುಬದುರಾಗಿ ಸ್ವಲ್ಪಸ್ವಲ್ಪವೇ ಬಿಗಿಯುತ್ತಿದ್ದರು.

ಕಷ್ಟವಿದ್ದದ್ದು ಕೊನೆಯ ಅರ್ಧ ಇಂಚಿನಲ್ಲಿ. ಗೇರ್ ಬಾಕ್ಸು ಅಲ್ಲಿವರೆಗೂ ಬಂದು ನಿಂತುಬಿಡುತ್ತದೆ. ಅವಸರದ ಹುಡುಗ ಬೋಲ್ಟ್ ಹಾಕಿ ಬಿಗಿದು ಎಳೆಯಲು ನೋಡುತ್ತಾನೆ. "ಕಾಣಿ ಮ್ಯಾನೇಜ್ರೇ, ಬೋಲ್ಟ್ ಹಾಕಿ ಎಳೂಕಾಗ, ಅದಾಗೇ ಹೋಯ್ಕ್" ಎನ್ನುತ್ತಿದ್ದರು ಮೇಸ್ತ್ರಿ. ಎಳೆದರೆ ಪ್ಲೇಟಿನ ನಡು ಸೊಟ್ಟಗಾಗುತ್ತದೆ, ಇಲ್ಲವೇ ಹೌಸಿಂಗಿನ ಕಿವಿ ಬಿರಿಯುತ್ತದೆ. ಬಾಕ್ಸಿನ ಭಾರವನ್ನು ಶಾಫ್ಟಿನ ಮೇಲೆ ನೇತುಬಿಟ್ಟರೂ ಅದೇ ಗತಿ. ಅವರು ಗೇರ್ ಹಾಕಿ, ಬಾಕ್ಸಿನ ಹಿಂಬದಿಯ ತುದಿಯನ್ನು ಬೆರಳಿನಿಂದ ತುಸು ತಿರುಗಿಸುತ್ತಿದ್ದರು. ಹಲ್ಲಿಗೆ ಹಲ್ಲು ಸಿಕ್ಕ ಕೂಡಲೇ 'ಟಕ್' ಎಂಬ ಸದ್ದು. ಆ ಸದ್ದಿಗಾಗಿ ಪಕ್ಕದಲ್ಲಿ ಬೀಡಿ ಸೇದುತ್ತ ಕಾದಿರುತ್ತಿದ್ದ ಚಾಲಕನ ಮುಖವನ್ನು ನಾನು ನೋಡಿದ್ದೇನೆ. ಸಾಲಗಾರನ ಜಾತಕ ಬ್ಯಾಲೆನ್ಸ್ ಶೀಟಿನಲ್ಲಷ್ಟೇ ಇರುತ್ತದೆ ಎನ್ನುವವರು ಆ ಮುಖ ನೋಡಿಲ್ಲ.

ಕೊನೆಯ ವರ್ಷಗಳಲ್ಲಿ ನೆಲದಿಂದ ಎದ್ದ ಗೇರ್ ಕಡ್ಡಿಯ ಪದ್ಮಿನಿಯೂ ಬಂತು. ಅದರ ಗೇರ್ ಬಾಕ್ಸಿಗೆ ನಿಸಾನ್ ಮೂಲ. ಓಡಿಸಲು ಹಗುರ, ಸುಳ್ಳು ಹೇಳಬಾರದು. ಸ್ಟೀರಿಂಗಿನ ಪಕ್ಕದ ಕಡ್ಡಿಗೆ ಉದ್ದದ ಸಲಾಕೆಗಳ ಜೋಡಣೆ. ಬುಶ್ಶು ಸವೆದರೆ ನಡುರಸ್ತೆಯಲ್ಲೇ ಗೇರು ಸಿಕ್ಕಿಕೊಂಡು, ಚಾಲಕ ಇಳಿದು ಬಾನೆಟ್ ಎತ್ತಿ ಕೈಯಿಂದ ಬಿಡಿಸಬೇಕಿತ್ತು. ಈಗ ಹವ್ಯಾಸಕ್ಕಾಗಿ ಹಳೆಯ ಪದ್ಮಿನಿ ಇಟ್ಟುಕೊಂಡವರಲ್ಲಿ ಕೆಲವರು ಇಡೀ ಬಾಕ್ಸನ್ನೇ ಬದಲಿಸಿ ನೆಲದ ಗೇರು ಮಾಡಿಸಿಕೊಳ್ಳುತ್ತಾರೆ. ಬೇಡವೆನ್ನಲು ನಾನು ಯಾರು? ಆದರೂ ನನ್ನ ಮನಸ್ಸು ಹಳೆಯ ಬಾಕ್ಸಿನ ಕಡೆಗೇ. ಬಿಡಿಭಾಗ ಬೇಕಾದರೆ ಗುಜರಿಯಲ್ಲಿ ತಾಳ್ಮೆಯಿಂದ ಹುಡುಕಬೇಕು.

ಮೇಸ್ತ್ರಿ ಗ್ಯಾರೇಜು ಬಿಟ್ಟು ಊರಿಗೆ ಹೋಗಿ ಕೆಲವು ವರ್ಷಗಳಾದವು. ಹೋಗುವಾಗ ಸ್ಪ್ಯಾನರುಗಳ ಪೆಟ್ಟಿಗೆ ತೆಗೆದುಕೊಂಡು ಹೋದರು, ಹಳೆಯ ಶಾಫ್ಟನ್ನು ಗೋರಖಪುರದ ಹುಡುಗನಿಗೆ ಬಿಟ್ಟುಹೋದರು. ಟ್ಯಾಕ್ಸಿಗಳು ಹೋದರೂ ಹವ್ಯಾಸಿಗಳ ಪದ್ಮಿನಿ ತಿಂಗಳಿಗೊಂದೋ ಎರಡೋ ಅವನ ಬಳಿ ಬರುತ್ತವೆ. ಬಾಕ್ಸು ಕೊನೆಯ ಅರ್ಧ ಇಂಚಿಗೆ ಬಂದು ನಿಂತಾಗ ಅವನು ತನ್ನ ಸಹಾಯಕನಿಗೆ, ಹಿಂದಿಯ ನಡುವೆ, "ಅದಾಗೇ ಹೋಯ್ಕ್" ಎನ್ನುತ್ತಾನೆ.