ಬಾಗಲಕೋಟೆಯಲ್ಲಿ ನಡೆದ ಎಚ್‌ಐವಿ ತಡೆ ಜೆಲ್ ಪರೀಕ್ಷೆ

ಲೈಂಗಿಕ ಸಂಪರ್ಕದಿಂದ ಎಚ್‌ಐವಿ ಹರಡದಂತೆ ಮಹಿಳೆಯರು ಯೋನಿಯೊಳಗೆ ಹಚ್ಚಿಕೊಳ್ಳುವ ಜೆಲ್ ಅಥವಾ ಕ್ರೀಮಿಗೆ ಮೈಕ್ರೋಬಿಸೈಡ್ ಎಂದು ಹೆಸರು. ಕಾಂಡೋಮ್ ಬಳಕೆಗೆ ಗಂಡಸಿನ ಒಪ್ಪಿಗೆ ಬೇಕು. ಅದನ್ನು ಕೇಳಲಾಗದ ಹೆಣ್ಣಿಗೆ ಅವಳ ಕೈಯಲ್ಲೇ ಇರುವ ಸಾಧನ ಬೇಕೆಂದು ಸಾಂಕ್ರಾಮಿಕ ರೋಗತಜ್ಞೆ ಝೀನಾ ಸ್ಟೈನ್ 1990ರಲ್ಲಿ ವಾದಿಸಿದರು. ಮೊದಲು ಪರೀಕ್ಷೆಗೊಳಗಾದದ್ದು ವೀರ್ಯಾಣುನಾಶಕ ನಾನಾಕ್ಸಿನಾಲ್-9. ಪದೇ ಪದೇ ಬಳಸಿದರೆ ಅದು ಯೋನಿಯ ಒಳಪದರವನ್ನು ಕೆಡಿಸಿ ಸೋಂಕಿನ ಅಪಾಯ ಹೆಚ್ಚಿಸುತ್ತದೆಂದು 2000ದಲ್ಲಿ ತಿಳಿಯಿತು. ಆಮೇಲೆ ವಿಜ್ಞಾನಿಗಳ ಗಮನ ವೈರಸ್ಸಿಗೆ ಅಂಟಿಕೊಂಡು ಅದು ಜೀವಕೋಶ ಸೇರದಂತೆ ತಡೆಯುವ ಪದಾರ್ಥಗಳತ್ತ ಹೊರಳಿತು. ಹತ್ತಿಯ ಸೆಲ್ಯುಲೋಸಿನಿಂದ ತಯಾರಿಸಿದ ಸೆಲ್ಯುಲೋಸ್ ಸಲ್ಫೇಟ್ ಅವುಗಳಲ್ಲೊಂದು.

ಉತ್ತರ ಕರ್ನಾಟಕದಲ್ಲಿ ಆಗ ಎಚ್‌ಐವಿ ಹಳ್ಳಿಗಳಿಗೂ ಹಬ್ಬಿತ್ತು. ಬಾಗಲಕೋಟೆ ಜಿಲ್ಲೆಯಲ್ಲಿ 2003ರಲ್ಲಿ ನಡೆದ ಸಮೀಕ್ಷೆಯಲ್ಲಿ ಪರೀಕ್ಷಿಸಲಾದ ವಯಸ್ಕರಲ್ಲಿ ಶೇ. 2.9ರಷ್ಟು ಮಂದಿಗೆ ಸೋಂಕು ಕಂಡುಬಂತು. ದೇವದಾಸಿ ಸಮರ್ಪಣೆಯನ್ನು ನಿಷೇಧಿಸಿ 1982ರಲ್ಲೇ ರಾಜ್ಯ ಕಾಯ್ದೆ ರೂಪಿಸಿದ್ದರೂ ಆ ಪದ್ಧತಿಯ ಹಿನ್ನೆಲೆಯ ಹಲವು ಮಹಿಳೆಯರ ಜೀವನ ಲೈಂಗಿಕ ವೃತ್ತಿಯ ಮೇಲೆಯೇ ನಿಂತಿತ್ತು. ಕೆನಡಾದ ಮ್ಯಾನಿಟೋಬಾ ವಿಶ್ವವಿದ್ಯಾಲಯದ ಸಹಭಾಗಿತ್ವದಲ್ಲಿ 2003ರಲ್ಲಿ ಆರಂಭವಾದ ಕರ್ನಾಟಕ ಹೆಲ್ತ್ ಪ್ರಮೋಷನ್ ಟ್ರಸ್ಟ್ ಈ ಭಾಗದಲ್ಲಿ ಎಚ್‌ಐವಿ ತಡೆ ಕೆಲಸ ನಡೆಸುತ್ತಿತ್ತು.

ಅಮೆರಿಕದ ಕಾನ್ರಾಡ್ ಸಂಸ್ಥೆ 2005ರಲ್ಲಿ ಸೆಲ್ಯುಲೋಸ್ ಸಲ್ಫೇಟ್ ಜೆಲ್ಲಿನ ಮೂರನೇ ಹಂತದ ಪರೀಕ್ಷೆ ಆರಂಭಿಸಿತು. ಆಫ್ರಿಕಾದ ಮೂರು ಕೇಂದ್ರಗಳ ಜೊತೆಗೆ ಭಾರತದ ಚೆನ್ನೈ ಮತ್ತು ಬಾಗಲಕೋಟೆ ಅದರಲ್ಲಿದ್ದವು. ಸೋಂಕಿಲ್ಲದ, ಆದರೆ ಅಪಾಯ ಹೆಚ್ಚಿರುವ ಮಹಿಳೆಯರಲ್ಲಿ ಅರ್ಧದಷ್ಟು ಮಂದಿಗೆ ಔಷಧವಿರುವ ಜೆಲ್, ಉಳಿದವರಿಗೆ ಔಷಧವಿಲ್ಲದ ಜೆಲ್ ಕೊಡಲಾಯಿತು. ಯಾರಿಗೆ ಯಾವುದೆಂಬುದು ಅವರಿಗಾಗಲಿ ಸಂಶೋಧಕರಿಗಾಗಲಿ ಗೊತ್ತಿರಲಿಲ್ಲ. ಕಾಂಡೋಮ್ ಮತ್ತು ಆಪ್ತಸಲಹೆ ಎಲ್ಲರಿಗೂ ಸಿಗುತ್ತಿತ್ತು.

2007ರ ಜನವರಿ ಕೊನೆಯಲ್ಲಿ ಪರೀಕ್ಷೆಯನ್ನು ನಡುವೆಯೇ ನಿಲ್ಲಿಸಲಾಯಿತು. ಮಧ್ಯಂತರ ಲೆಕ್ಕದಲ್ಲಿ ಔಷಧದ ಜೆಲ್ ಬಳಸಿದವರಲ್ಲೇ ಸೋಂಕು ಹೆಚ್ಚಾಗಿತ್ತು. 2008ರಲ್ಲಿ ಪ್ರಕಟವಾದ ಅಂತಿಮ ವರದಿಯ ಪ್ರಕಾರ ಔಷಧದ ಗುಂಪಿನಲ್ಲಿ 25, ಇನ್ನೊಂದರಲ್ಲಿ 16 ಹೊಸ ಸೋಂಕುಗಳಾಗಿದ್ದವು. ಈ ವ್ಯತ್ಯಾಸ ಆಕಸ್ಮಿಕವೂ ಆಗಿರಬಹುದಾದಷ್ಟು ಚಿಕ್ಕದು. ಆದರೆ ಜೆಲ್ ರಕ್ಷಣೆ ಕೊಡುತ್ತದೆ ಎನ್ನಲು ಆಧಾರವೇ ಉಳಿಯಲಿಲ್ಲ. ಪ್ರಯೋಗಾಲಯದಲ್ಲಿ ವೈರಸ್ಸನ್ನು ತಡೆದದ್ದು ದೇಹದೊಳಗೂ ತಡೆಯುತ್ತದೆಂದು ನಂಬಿ ಹೊರಟರೆ ಏನಾಗಬಹುದೆಂಬುದು ಇದರಿಂದ ಗೊತ್ತಾಯಿತು.

ಇದೇ ಬಗೆಯ ಕ್ಯಾರಗಾರ್ಡ್, ಪ್ರೊ 2000 ಜೆಲ್‌ಗಳೂ ಸೋತವು. ಎಚ್‌ಐವಿ ಚಿಕಿತ್ಸೆಯ ಔಷಧವನ್ನೇ ಜೆಲ್ ಮಾಡಿದಾಗ ಆಸೆ ಮರಳಿತು: ದಕ್ಷಿಣ ಆಫ್ರಿಕಾದಲ್ಲಿ 889 ಮಹಿಳೆಯರ ನಡುವೆ ನಡೆದ ಪರೀಕ್ಷೆಯಲ್ಲಿ ಟೆನೊಫೊವಿರ್ ಜೆಲ್ ಸೋಂಕನ್ನು ಶೇ. 39ರಷ್ಟು ತಗ್ಗಿಸಿತೆಂದು 2010ರಲ್ಲಿ ಪ್ರಕಟವಾಯಿತು. ನಂತರದ ದೊಡ್ಡ ಪರೀಕ್ಷೆಗಳಲ್ಲಿ ಈ ಫಲ ಮರುಕಳಿಸಲಿಲ್ಲ. ಅನೇಕರು ಜೆಲ್ಲನ್ನು ನಿಯಮಿತವಾಗಿ ಬಳಸಿರಲಿಲ್ಲ. ಯೋನಿಯೊಳಗೆ ಇಟ್ಟುಕೊಂಡು ತಿಂಗಳಿಗೊಮ್ಮೆ ಬದಲಿಸುವ, ಡಾಪಿವಿರಿನ್ ಔಷಧವಿರುವ ಉಂಗುರವನ್ನು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೆಚ್ಚುವರಿ ಸಾಧನವಾಗಿ ಶಿಫಾರಸು ಮಾಡಿತು. ಬಾಗಲಕೋಟೆಯಲ್ಲಿ ಪರೀಕ್ಷೆಗೊಳಗಾದ ಜೆಲ್ ಮಾತ್ರ ಮಾರುಕಟ್ಟೆಗೆ ಬರಲೇ ಇಲ್ಲ.