ಲೋಹಸಿದ್ಧಿ, ದೇಹಸಿದ್ಧಿ: ಕನ್ನಡ ನಾಡಿನಲ್ಲಿ ರಸವಾದದ ಹಾದಿ

ಕೀಳು ಲೋಹವನ್ನು ಬಂಗಾರವಾಗಿಸಬೇಕು, ಅಳಿಯುವ ದೇಹವನ್ನು ಅಳಿಯದಂತೆ ಮಾಡಬೇಕು ಎಂಬ ಎರಡು ಹಂಬಲಗಳು ಕೂಡಿ ಬೆಳೆದ ವಿದ್ಯೆಯನ್ನು ಕನ್ನಡದ ಹಳೆಯ ಬರಹಗಳು ರಸವಾದ ಎಂದು ಕರೆಯುತ್ತವೆ. ಇಲ್ಲಿ ರಸವೆಂದರೆ ಪಾದರಸ. ಈಜಿಪ್ಟಿನ ಗ್ರೀಕ್ ಪಂಡಿತರಿಂದ ಅರಬರ ಕೈಗೆ ಬಂದು ಕೀಮಿಯಾ ಎನಿಸಿಕೊಂಡು, ಅವರಿಂದ ಯೂರೋಪಿಗೆ ದಾಟಿದ ವಿದ್ಯೆಯಲ್ಲಿ ಚಿನ್ನದ ಆಸೆ ಮುಂದಾಗಿದ್ದರೆ, ಚೀನಾದಲ್ಲಿ ಅಮರತ್ವದ ಔಷಧಿಯ ಹುಡುಕಾಟವೇ ಮುಖ್ಯವಾಗಿತ್ತು. ಭಾರತದ ರಸಗ್ರಂಥಗಳು ಈ ಎರಡನ್ನೂ ಒಂದೇ ದಾರಿಯ ಎರಡು ಮಜಲುಗಳೆಂದು ಬಗೆದು, ಮೊದಲನೆಯದನ್ನು ಲೋಹಸಿದ್ಧಿಯೆಂದೂ ಎರಡನೆಯದನ್ನು ದೇಹಸಿದ್ಧಿಯೆಂದೂ ಹೆಸರಿಸಿ, ಲೋಹದ ಮೇಲೆ ಪರೀಕ್ಷಿಸಿದ ರಸವನ್ನೇ ದೇಹಕ್ಕೆ ಕೊಡಬೇಕೆಂದು ವಿಧಿಸಿದವು. ಕನ್ನಡ ನಾಡಿನಲ್ಲಿ ಈ ವಿದ್ಯೆಯನ್ನು ಮಾಡಿದವರಿಗಿಂತ ಅದನ್ನು ಪ್ರಶ್ನಿಸಿದವರೇ ಅದರ ನೆನಪನ್ನು ಹೆಚ್ಚು ಗಟ್ಟಿಯಾಗಿ ಉಳಿಸಿಕೊಟ್ಟರು ಎಂಬುದು ಅದರ ಚರಿತ್ರೆಯ ವಿಶೇಷ.

ರಸಶಾಸ್ತ್ರದ ಸಂಕೇತಲೋಕ ಶೈವವಾದದ್ದು. ಪಾದರಸವನ್ನು ಶಿವನ ವೀರ್ಯವೆಂದೂ ಗಂಧಕವನ್ನು ಪಾರ್ವತಿಯ ರಜಸ್ಸೆಂದೂ ಭಾವಿಸುವ ಈ ಶಾಸ್ತ್ರದಲ್ಲಿ ಅವೆರಡನ್ನೂ ಕಲ್ವದಲ್ಲಿ ಅರೆದಾಗ ಉಂಟಾಗುವ ಕಡುಗಪ್ಪು ಪುಡಿ, ಅಂದರೆ ಕಜ್ಜಳಿ, ಬರಿಯ ಮಿಶ್ರಣವಲ್ಲ, ಅದೊಂದು ದಾಂಪತ್ಯ. ಮನುಷ್ಯನಿಗೆ ಸಂಸ್ಕಾರಗಳಿರುವಂತೆ ಪಾದರಸಕ್ಕೂ 18 ಸಂಸ್ಕಾರಗಳಿವೆ. ಮೊದಲನೆಯದಾದ ಸ್ವೇದನದಲ್ಲಿ, ಪಾದರಸವನ್ನು ಮದ್ದಿನ ವಸ್ತುಗಳೊಡನೆ ಬಟ್ಟೆಯಲ್ಲಿ ಗಂಟು ಕಟ್ಟಿ, ಆ ಗಂಟನ್ನು ಮಡಕೆಯ ಬಾಯಿಗೆ ಅಡ್ಡಲಾಗಿಟ್ಟ ಕಡ್ಡಿಯಿಂದ ಇಳಿಬಿಟ್ಟು, ಕೆಳಗೆ ಹುಳಿಗಂಜಿಯನ್ನು ಕುದಿಸುತ್ತಾರೆ. ಗಂಟು ತೂಗಾಡುವುದರಿಂದ ಈ ಸಲಕರಣೆಗೆ ದೋಲಾಯಂತ್ರವೆಂದು ಹೆಸರು. ಮೊದಲ ಎಂಟು ಸಂಸ್ಕಾರಗಳು ಮುಗಿದರೆ ರಸವು ಔಷಧಕ್ಕೆ ಯೋಗ್ಯವೆನಿಸುತ್ತದೆ. ಮುಂದಿನವುಗಳಲ್ಲಿ ಅದು ಅಭ್ರಕವನ್ನೂ ಚಿನ್ನವನ್ನೂ ‘ತಿಂದು’ ಜೀರ್ಣಿಸಿಕೊಂಡು, ಕಡೆಗೆ ‘ವೇಧ’ದ ಹಂತದಲ್ಲಿ ಕೀಳು ಲೋಹವನ್ನು ಹೊಕ್ಕು ಬದಲಿಸುತ್ತದೆಂಬುದು ಗ್ರಂಥಗಳ ನಂಬಿಕೆ. ಯಾವ ಕುಲುಮೆಯಲ್ಲಿಯೂ ಹಾಗೆ ಚಿನ್ನ ಹುಟ್ಟಲಿಲ್ಲ. ಆದರೆ ಭಟ್ಟಿ ಇಳಿಸುವುದು, ಮೂಸೆಯ ಬಾಯಿ ಮುಚ್ಚಿ ಕಾಯಿಸುವುದು, ಬೆರಣಿಯ ಗುಂಡಿಯಲ್ಲಿ ಪುಟವಿಡುವುದು ಮುಂತಾದ ಕೆಲಸಗಳಲ್ಲಿ ನುರಿತ ಕೈಗಳು ಹುಟ್ಟಿಕೊಂಡವು. ಪುಟಕ್ಕಿಟ್ಟ ಚಿನ್ನವೆಂಬ ಮಾತು ಇಂದಿಗೂ ಕನ್ನಡಿಗರ ನಾಲಗೆಯ ಮೇಲಿದೆ.

ಕರ್ನಾಟಕದಲ್ಲಿ ಈ ವಿದ್ಯೆಯ ಮೊದಲ ಗುರುತುಗಳು ಸಿಗುವುದು ಜೈನರಲ್ಲಿ. ಪೂಜ್ಯಪಾದರ ಸೋದರಳಿಯನಾದ ನಾಗಾರ್ಜುನನು ಸಿದ್ಧರಸವನ್ನು ಪಡೆದು ಬೆಟ್ಟವನ್ನೇ ಚಿನ್ನವಾಗಿಸಲು ಹೊರಟನೆಂಬ ಐತಿಹ್ಯವನ್ನು ದೇವಚಂದ್ರನ ರಾಜಾವಳೀ ಕಥೆ 19ನೆಯ ಶತಮಾನದವರೆಗೂ ಹೊತ್ತು ತಂದಿದೆ. ನಾಗಾರ್ಜುನನ ಹೆಸರಿನ ರಸಸಿದ್ಧರು ಎಷ್ಟು ಮಂದಿ ಎಂಬುದು ವಿದ್ವಾಂಸರಿಗೆ ಹಳೆಯ ತಲೆನೋವು: 1030ರ ಸುಮಾರಿಗೆ ಬರೆದ ಅಲ್‌ಬೆರೂನಿಯು ತನಗಿಂತ ನೂರು ವರ್ಷ ಹಿಂದೆ ಸೋಮನಾಥದ ಬಳಿ ಇದ್ದ ಒಬ್ಬನನ್ನು ಹೆಸರಿಸಿದರೆ, ಶ್ರೀಶೈಲದ ಪರಂಪರೆ ತನ್ನದೇ ನಾಗಾರ್ಜುನನನ್ನು ಹೇಳಿಕೊಳ್ಳುತ್ತದೆ. ಐತಿಹ್ಯಕ್ಕಿಂತ ಗಟ್ಟಿಯಾದ ಆಧಾರ ರಾಷ್ಟ್ರಕೂಟ ಅಮೋಘವರ್ಷನ ಕಾಲದ ಉಗ್ರಾದಿತ್ಯನ ಸಂಸ್ಕೃತ ವೈದ್ಯಗ್ರಂಥ ಕಲ್ಯಾಣಕಾರಕ. ಮಾಂಸವನ್ನು ಔಷಧದಿಂದ ದೂರವಿಡುವ ಹಟ ಹೊತ್ತ ಈ ಜೈನ ವೈದ್ಯನು ರಸರಸಾಯನಕ್ಕೆ ಒಂದು ಅಧಿಕಾರವನ್ನೇ ಮೀಸಲಿಟ್ಟನು. ಪ್ರಾಣಿಜನ್ಯ ಮದ್ದುಗಳನ್ನು ಬಿಟ್ಟವರಿಗೆ ಖನಿಜಗಳ ಕಡೆ ಒಲವು ಬೆಳೆದದ್ದು ಸಹಜವೇ.

ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಈ ಚರಿತ್ರೆ ಬೇರೊಂದು ತಿರುವು ಪಡೆಯುತ್ತದೆ. ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ಹೆಸರಿನಲ್ಲಿ 1130ರ ಸುಮಾರಿಗೆ ಸಿದ್ಧವಾದ ಮಾನಸೋಲ್ಲಾಸವು ಅರಸನಿಗೆ ಬೇಕಾದ ವಿದ್ಯೆಗಳ ಸಾಲಿನಲ್ಲಿ ರಸಾಯನವನ್ನೂ ಧಾತುವಾದವನ್ನೂ ಸೇರಿಸಿತು. ಕೆಲವೇ ದಶಕಗಳ ತರುವಾಯ ಅದೇ ಪಟ್ಟಣದಲ್ಲಿ ನೆರೆದ ಶರಣರು ರಸವಾದದ ಮಾತನ್ನು ಎತ್ತಿಕೊಂಡು ಅದರ ಗುರಿಯನ್ನು ಕೈಬಿಟ್ಟರು. ಮುಟ್ಟಿದ ಕಬ್ಬಿಣವನ್ನು ಹೊನ್ನಾಗಿಸುವ ಪರುಷದ ಕಲ್ಲು ವಚನಗಳಲ್ಲಿ ಗುರುವಾಯಿತು, ಶರಣರ ಸಂಗವಾಯಿತು. ಹೊನ್ನಾದ ಕಬ್ಬಿಣ ಮತ್ತೆ ಕಬ್ಬಿಣವಾಗದು ಎಂಬ ನಂಬಿಕೆಯು, ಲಿಂಗದೀಕ್ಷೆಯ ನಂತರ ಹಿಂದಿನ ಕುಲ ಉಳಿಯದು ಎಂಬ ವಾದಕ್ಕೆ ಒದಗಿಬಂತು. ಜಾತಿಯನ್ನು ಅಲ್ಲಗಳೆಯಲು ಲೋಹವಿದ್ಯೆಯ ಸಂಕೇತವನ್ನು ಹೀಗೆ ದುಡಿಸಿಕೊಂಡದ್ದು ರಸಶಾಸ್ತ್ರದ ಪಂಡಿತರಿಗೆ ಹೊಳೆದಿರಲಾರದು. ಬಸವಕಲ್ಯಾಣದಲ್ಲಿ ಪರುಷಕಟ್ಟೆಯೆಂಬ ಸ್ಥಳ ಇಂದಿಗೂ ಇದೆ.

ಈ ವಾದದ ತುತ್ತತುದಿ ಅಲ್ಲಮಪ್ರಭು ಮತ್ತು ಗೋರಕ್ಷರ ಭೇಟಿ. ಶೂನ್ಯಸಂಪಾದನೆಗಳಲ್ಲಿಯೂ ಇಮ್ಮಡಿ ಪ್ರೌಢದೇವರಾಯನ ಕಾಲದಲ್ಲಿ, ಅಂದರೆ 1424–1446ರ ನಡುವೆ, ಇದ್ದ ಚಾಮರಸನ ಪ್ರಭುಲಿಂಗಲೀಲೆಯಲ್ಲಿಯೂ ಬರುವ ಈ ಪ್ರಸಂಗದಲ್ಲಿ, ದೇಹವನ್ನು ವಜ್ರವಾಗಿಸಿಕೊಂಡೆನೆಂಬ ಹೆಮ್ಮೆಯ ಗೋರಕ್ಷನು ಅಲ್ಲಮನ ಕೈಗೆ ಕತ್ತಿ ಕೊಟ್ಟು ಹೊಡೆಯಲು ಹೇಳುತ್ತಾನೆ. ಹೊಡೆದಾಗ ಖಣಿಲೆಂಬ ಸದ್ದು ಏಳುತ್ತದೆ, ಮೈ ಮಾತ್ರ ಕೊಂಕುವುದಿಲ್ಲ. ಬಳಿಕ ಗೋರಕ್ಷನು ಅದೇ ಕತ್ತಿಯನ್ನು ಅಲ್ಲಮನ ಮೇಲೆ ಬೀಸಿದರೆ ಅದು ಎಲ್ಲಿಯೂ ತಾಗದೆ ಬಯಲಿನಲ್ಲಿ ಬೀಸಿದಂತೆ ಹಾದುಹೋಗುತ್ತದೆ. ಗೋರಕ್ಷನ ಮೈಯಿಂದ ಎದ್ದ ಸದ್ದೇ ಅವನ ಸಿದ್ಧಿಯ ಸಾಕ್ಷಿ. ಅಲ್ಲಮನ ದೃಷ್ಟಿಯಲ್ಲಿ ಅದೇ ಅವನ ಸೋಲಿನ ಸಾಕ್ಷಿಯೂ ಹೌದು, ಏಕೆಂದರೆ ಗಟ್ಟಿಗೊಳಿಸಿದ ದೇಹ ಇನ್ನೂ ದೇಹವೇ. ಕತೆಯಲ್ಲಿ ಪಂಥಸ್ಪರ್ಧೆಯ ನೆರಳಿಲ್ಲದಿಲ್ಲ. ಗೋರಕ್ಷನ ಪಂಥದವರಾದ ನಾಥರು ಕರ್ನಾಟಕದಲ್ಲಿ ಬಲವಾಗಿ ನೆಲೆಯೂರಿದ್ದರೆಂಬುದಕ್ಕೆ ಮಂಗಳೂರಿನ ಕದ್ರಿಯ ಜೋಗಿಮಠವೇ ಸಾಕ್ಷಿ. ಆದರೂ ಅಮರತ್ವದ ಕಲ್ಪನೆಯನ್ನೇ ತಲೆಕೆಳಗು ಮಾಡುವ ಇಷ್ಟು ಸರಳವಾದ ಪರೀಕ್ಷೆ ರಸವಾದದ ಸಾಹಿತ್ಯದಲ್ಲಿ ವಿರಳ.

ವಿಚಿತ್ರವೆಂದರೆ, ಚಾಮರಸನಿಗೆ ಕೆಲವು ದಶಕಗಳ ಹಿಂದೆ ಅದೇ ವಿಜಯನಗರದಲ್ಲಿ ಇದರ ಎದುರು ಪಕ್ಷವೂ ಬರಹಕ್ಕಿಳಿದಿತ್ತು. ಮಾಧವನ ಸರ್ವದರ್ಶನಸಂಗ್ರಹವು ರಸೇಶ್ವರ ದರ್ಶನವನ್ನು ಉಳಿದ ದರ್ಶನಗಳ ಸಾಲಿನಲ್ಲಿ ಕೂರಿಸಿ, ರಸಾರ್ಣವದಂಥ ಗ್ರಂಥಗಳ ಆಧಾರದಿಂದ ಅದರ ವಾದವನ್ನು ನಿರೂಪಿಸುತ್ತದೆ: ಸತ್ತ ಮೇಲಿನ ಮುಕ್ತಿಯನ್ನು ಕಂಡವರಿಲ್ಲ, ಆದ್ದರಿಂದ ಬದುಕಿರುವಾಗಲೇ ಮುಕ್ತಿ ದೊರೆಯಬೇಕು, ಅದಕ್ಕೆ ದೇಹ ಸ್ಥಿರವಾಗಿರಬೇಕು, ದೇಹವನ್ನು ಸ್ಥಿರಗೊಳಿಸುವುದು ರಸ. ಲೋಹವನ್ನು ಚಿನ್ನವಾಗಿಸುವುದಷ್ಟೇ ಈ ವಿದ್ಯೆಯ ಗುರಿಯಲ್ಲವೆಂದೂ ಆ ಗ್ರಂಥ ತಿಳಿಸುತ್ತದೆ. ಕಾಣದ ಪರಲೋಕಕ್ಕಿಂತ ಕಾಣುವ ದೇಹವನ್ನು ನೆಚ್ಚುವ ಈ ತರ್ಕ ಅಷ್ಟು ಸುಲಭವಾಗಿ ತಳ್ಳಿಹಾಕುವಂಥದಲ್ಲ.

ಜನಪದದಲ್ಲಿ ಸಿದ್ಧರ ಕಥೆ ಮತ್ತೂ ಬೇರೆ. ನೀಲಗಾರರು ಹಾಡುವ ಮಂಟೇಸ್ವಾಮಿ ಕಾವ್ಯದಲ್ಲಿ ಹಲಗೂರಿನ ಪಾಂಚಾಳರ ಬಳಿಗೆ ಕಬ್ಬಿಣದ ಭಿಕ್ಷೆ ಬೇಡಲು ಹೋಗುವ ಸಿದ್ಧಪ್ಪಾಜಿಯು ಅವರು ಒಡ್ಡಿದ ವಿಷದ ಪರೀಕ್ಷೆಯನ್ನು ಗೆಲ್ಲುತ್ತಾನೆ. ಲೋಹ, ಬೆಂಕಿ, ವಿಷ, ಸಾಯದ ದೇಹ ಎಲ್ಲವೂ ಇಲ್ಲಿವೆ, ಚಿನ್ನವೊಂದಿಲ್ಲ. ಒಕ್ಕಲು ಮಕ್ಕಳಿಗೆ ಬೇಕಾದ ಲೋಹ ಕಬ್ಬಿಣವೇ ಆಗಿತ್ತು. ಇತ್ತ ನಿಜವಾದ ಚಿನ್ನ ರಾಯಚೂರಿನ ಹಟ್ಟಿಯ ನೆಲದಡಿಯಲ್ಲಿ ರಸಸಿದ್ಧರ ಹಂಗಿಲ್ಲದೆ ಪ್ರಾಚೀನ ಕಾಲದಿಂದಲೇ ಅಗೆಯಲ್ಪಡುತ್ತಿತ್ತು. ಅಶೋಕನ ಮಸ್ಕಿ ಶಾಸನವನ್ನು 1915ರಲ್ಲಿ ಕಂಡವನು ಕೂಡ ಆ ಸೀಮೆಯಲ್ಲಿ ಚಿನ್ನದ ನಿಕ್ಷೇಪ ಹುಡುಕುತ್ತಿದ್ದ ಎಂಜಿನಿಯರ್ ಬೀಡನ್.

ದೇಹಸಿದ್ಧಿಯ ಕನಸು ಮಾಸಿದಂತೆ ರಸವಿದ್ಯೆ ವೈದ್ಯರ ಕೈಯಲ್ಲಿ ಭಸ್ಮ, ಸಿಂಧೂರಗಳಾಗಿ ಉಳಿಯಿತು. ಅದರ ಆಧುನಿಕ ಅಧ್ಯಯನಕ್ಕೆ ಅಚ್ಚಿನ ಮನೆಗಳು ದಾರಿ ಮಾಡಿಕೊಟ್ಟವು. ಪುಣೆಯ ಹಳೆಯ ಪೇಟೆಯಲ್ಲಿರುವ ಆನಂದಾಶ್ರಮವು ವಾಗ್ಭಟನ ಹೆಸರಿನ ರಸರತ್ನಸಮುಚ್ಚಯವನ್ನು 1890ರಲ್ಲಿ ತನ್ನ ಸಂಸ್ಕೃತ ಗ್ರಂಥಮಾಲೆಯಲ್ಲಿ ಹೊರತಂದಿತು. ಉಗ್ರಾದಿತ್ಯನ ಕಲ್ಯಾಣಕಾರಕವು ವರ್ಧಮಾನ ಪಾರ್ಶ್ವನಾಥ ಶಾಸ್ತ್ರಿಗಳ ಸಂಪಾದನೆಯಲ್ಲಿ 1940ರಲ್ಲಿ ಸೊಲ್ಲಾಪುರದಿಂದ ಬೆಳಕು ಕಂಡಿತು. ಪ್ರಫುಲ್ಲಚಂದ್ರ ರಾಯರು 1902 ಮತ್ತು 1909ರಲ್ಲಿ ಎರಡು ಸಂಪುಟಗಳಾಗಿ ಬರೆದ ಹಿಂದೂ ರಸಾಯನಶಾಸ್ತ್ರದ ಇತಿಹಾಸವು ರಸಗ್ರಂಥಗಳಲ್ಲಿ ಪ್ರಯೋಗಶಾಲೆಯ ಪೂರ್ವಜನನ್ನು ಹುಡುಕಿದರೆ, ಡೇವಿಡ್ ಗಾರ್ಡನ್ ವೈಟ್ ಅವರ 1996ರ ಕೃತಿ ಅವುಗಳಲ್ಲಿ ಯೋಗಿಯ ದೇಹವನ್ನು ಕಂಡಿತು. ಕನ್ನಡದಲ್ಲಿ ಡಿ.ಆರ್. ನಾಗರಾಜ್ ಅಲ್ಲಮನನ್ನು ಶೈವ ಪ್ರತಿಭೆಯ ಹಿನ್ನೆಲೆಯಲ್ಲಿ ಓದಿದರು, ರಹಮತ್ ತರೀಕೆರೆ ನಾಥಪಂಥದ ಮಠಗಳನ್ನೂ ಜೋಗಿಗಳನ್ನೂ ಅರಸಿ ಬರೆದರು. ರಾಯರ ದಾರಿಗಿಂತ ಈ ದಾರಿಯೇ ಕನ್ನಡದ ಸಾಮಗ್ರಿಗೆ ಹೆಚ್ಚು ಹೊಂದುತ್ತದೆ. ಇಲ್ಲಿ ರಸವಾದ ಬದುಕಿದ್ದು ಪ್ರಯೋಗಕ್ಕಿಂತ ಹೆಚ್ಚಾಗಿ ವಾದದಲ್ಲಿ.

ಪಾದರಸದ ಔಷಧಗಳ ಮೇಲಿನ ಜಗಳ ಮಾತ್ರ ಮುಗಿದಿಲ್ಲ. ಬಾಸ್ಟನ್‌ನಲ್ಲಿ ಮಾರಾಟಕ್ಕಿದ್ದ 70 ಆಯುರ್ವೇದ ಉತ್ಪನ್ನಗಳ ಪೈಕಿ 14ರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಇದ್ದುದನ್ನು 2004ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ಪಾದರಸದ ಬಳಕೆಗೆ ಕಡಿವಾಣ ಹಾಕುವ ಮಿನಮಾಟಾ ಒಪ್ಪಂದವನ್ನು ಭಾರತ 2018ರಲ್ಲಿ ಅನುಮೋದಿಸಿತು. ಶೋಧಿಸದ ರಸವು ವಿಷವೆಂದು ಹಳೆಯ ಗ್ರಂಥಗಳೇ ಎಚ್ಚರಿಸಿದ್ದವೆಂಬುದು ರಸವೈದ್ಯರ ಉತ್ತರ. ಶೋಧನೆಯ ನಂತರ ಉಳಿಯುವುದೇನೆಂಬುದನ್ನು ಅಳೆದು ತೋರಿಸಬೇಕೆಂಬುದು ವಿಜ್ಞಾನಿಗಳ ಪಟ್ಟು. ರಸಶಾಸ್ತ್ರವು ಆಯುರ್ವೇದ ಕಾಲೇಜುಗಳಲ್ಲಿ ಇಂದಿಗೂ ಪಠ್ಯವಿಷಯವಾಗಿದ್ದು, ವಿದ್ಯಾರ್ಥಿಗಳು ಕಜ್ಜಳಿಯನ್ನು ಪಾದರಸದ ಹೊಳಪು ಪೂರ್ತಿ ಅಡಗುವ ತನಕ ಕಲ್ವದಲ್ಲಿ ಅರೆಯುತ್ತಾರೆ.